ಬೇಳೆ ಹಸನು ಮಾಡುತ್ತಿದ್ದವಳ ಫೋಟೊ

ಆಕೆ ನಮ್ಮ ಗೋದಾಮಿಗೆ ಮೊದಲ ಸಲ ಬಂದಾಗ ನನ್ನ ತಲೆಯಲ್ಲಿ ಇನ್ನೂ ಕರಿ ಕೂದಲಿತ್ತು, ಅಂಗಡಿಯ ಗಾದಿಯ ಮೇಲೆ ನನ್ನ ಅಪ್ಪ ಕೂಡುತ್ತಿದ್ದರು. ಕಲಬುರಗಿಯ ಧಾನ್ಯಪೇಟೆ ನೆಹರು ಗಂಜಿನಲ್ಲಿ ನಮ್ಮದು ಅಡತಿ ಅಂಗಡಿ. ರೈತರು ತಂದ ತೊಗರಿಯನ್ನು ಮಾರಿಸಿಕೊಡುತ್ತೇವೆ, ಜೊತೆಗೆ ಮಿಲ್ಲಿನಿಂದ ಬೇಳೆ ತರಿಸಿ, ಹಸನು ಮಾಡಿಸಿ, ಚೀಲ ಕಟ್ಟಿ ಬೇರೆ ಊರುಗಳಿಗೆ ಕಳಿಸುತ್ತೇವೆ. ಹಸನು ಮಾಡುವ ಕೆಲಸ ಹೆಂಗಸರದು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಸಾಲಾಗಿ ಕುಳಿತು ಮೊರದಿಂದ ಕೇರುತ್ತಾರೆ, ಜರಡಿ ಹಿಡಿಯುತ್ತಾರೆ, ಕಲ್ಲು ಕಡ್ಡಿ ಆರಿಸುತ್ತಾರೆ. ಬೆಳಿಗ್ಗೆ ಹಸಿರು ಸೀರೆ ಉಟ್ಟು ಬಂದವಳ ಸೀರೆಯ ಬಣ್ಣ ಸಂಜೆ ಗುರುತು ಹತ್ತುವುದಿಲ್ಲ. ಹುಬ್ಬು, ರೆಪ್ಪೆ, ಕಿವಿಯ ಸಂದಿ ಎಲ್ಲ ಕಡೆ ಧೂಳು. ಅದನ್ನು ದಿನಾ ನೋಡಿ ನೋಡಿ ನನಗೆ ಅದು ಕಾಣಿಸದಂತಾಗಿತ್ತು.

ಆಕೆ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಮಗಳ ಮದುವೆಯನ್ನೂ ಇದೇ ಕೆಲಸ ಮಾಡಿಕೊಂಡೇ ಮಾಡಿದಳು. ಮದುವೆಯ ಮರುವಾರ ಮತ್ತೆ ಬಂದು ತನ್ನ ಜಾಗದಲ್ಲಿ ಕುಳಿತಳು. ಅವಳ ಕೈಯಲ್ಲಿ ಹಾದು ಹೋದ ಬೇಳೆಯಲ್ಲಿ ಕಲ್ಲಿದೆ ಎಂದು ಯಾವ ಗಿರಾಕಿಯೂ ಚೀಲ ತಿರುಗಿ ಕಳಿಸಿದ್ದು ನನಗೆ ನೆನಪಿಲ್ಲ. ವರ್ಷಕ್ಕೊಂದು ಸಲ ನನ್ನ ತಾಯಿಗೆಂದು ತಮ್ಮೂರಿನ ಕೆಂಪು ಬಾಳೆಹಣ್ಣಿನ ಚಿಪ್ಪು ತರುತ್ತಿದ್ದಳು. ತಾಯಿ ಹೋದ ಮೇಲೂ ತರುವುದನ್ನು ಬಿಡಲಿಲ್ಲ. ನನ್ನ ಹೆಂಡತಿಯ ಕೈಗೆ ಕೊಟ್ಟು, "ದೊಡ್ಡ ಅಮ್ಮಾರ ಫೋಟೊದ ಮುಂದ ಇಡ್ರಿ" ಅನ್ನುತ್ತಿದ್ದಳು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆಕೆ ಬಹಳ ಖುಷಿಯಾಗಿದ್ದಳು. ಹಾಗಿದ್ದೂ ತೊಗರಿಯ ಸುಗ್ಗಿಯಲ್ಲಿ, ಗಂಜಿನ ರಸ್ತೆಯಲ್ಲಿ ಚೀಲ ಇಳಿಸಲು ಜಾಗ ಇಲ್ಲದಂಥ ದಿನಗಳಲ್ಲಿ, ಆಕೆ ಬರುವುದು ನಿಂತಿತು. ಮೊದಲು ವಾರಕ್ಕೆ ಒಂದೆರಡು ದಿನ ತಪ್ಪಿಸಿದಳು, ಆಮೇಲೆ ಪೂರ್ತಿ ಬಿಟ್ಟಳು. ಉಳಿದ ಹೆಂಗಸರಲ್ಲೂ ಇಬ್ಬರು ಬೇರೆ ಅಂಗಡಿ ಹಿಡಿದಿದ್ದರು. ಗೋದಾಮಿನಲ್ಲಿ ಬೇಳೆಯ ರಾಶಿ ಗೋಡೆಗೆ ಮುಟ್ಟಿತ್ತು. ಹೊರಗಿನ ವ್ಯಾಪಾರಿಗಳು ಫೋನಿನ ಮೇಲೆ ಫೋನು ಮಾಡುತ್ತಿದ್ದರು.

ಆ ದಿನಗಳಲ್ಲಿ ಗಂಜಿನ ಯಾವ ಅಂಗಡಿಯಲ್ಲಿ ಕುಳಿತರೂ ಒಂದೇ ಮಾತು. ಸರಕಾರ ಅಕ್ಕಿ ಕೊಡುತ್ತದೆ, ಮನೆಯೊಡತಿಗೆ ತಿಂಗಳಾ ದುಡ್ಡು ಹಾಕುತ್ತದೆ, ಇನ್ನು ಕೆಲಸಕ್ಕೆ ಯಾರು ಬರುತ್ತಾರೆ? ಚಹಾ ಕುಡಿಯುತ್ತ ನಾನೂ ಅದನ್ನೇ ಹೇಳುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ದಿನ, ಸಿಟ್ಟಿನಲ್ಲಿ, ಗಾದಿಯ ಮೇಲೆ ಕುಳಿತೇ ಮೊಬೈಲು ತೆಗೆದು ನಮ್ಮ ವ್ಯಾಪಾರಸ್ಥರ ವಾಟ್ಸಾಪ್ ಗುಂಪಿಗೆ ಬರೆದೆ. ಕಮಲಾಪುರದ ಈ ಹೆಂಗಸು ಇಷ್ಟು ವರ್ಷ ನಮ್ಮಲ್ಲಿ ದುಡಿದಳು, ಪುಕ್ಕಟೆ ಅಕ್ಕಿ, ಪುಕ್ಕಟೆ ಬಸ್ಸು, ಪುಕ್ಕಟೆ ದುಡ್ಡು ಬಂದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದಾಳೆ, ನೋಡಿ ಹೇಗಿದ್ದಾಳೆ ಎಂದು. ಕೆಳಗೆ ಆಕೆಯ ಫೋಟೊ ಹಾಕಿದೆ. ದೀಪಾವಳಿಯಲ್ಲಿ ಅಂಗಡಿಯ ಲಕ್ಷ್ಮೀ ಪೂಜೆಯ ದಿನ ಎಲ್ಲ ಹೆಂಗಸರನ್ನೂ ನಿಲ್ಲಿಸಿ ತೆಗೆದ ಫೋಟೊ ಅದು. ಆಕೆಯೊಬ್ಬಳನ್ನೇ ಕತ್ತರಿಸಿ ತೆಗೆದಿದ್ದೆ. ಜರಿಯಂಚಿನ ಸೀರೆ, ಕೊರಳಲ್ಲಿ ಹಳದಿ ಸರ, ನಗುಮುಖ.

ಹೆಸರು ಬರೆಯಲಿಲ್ಲ. ಬರೆಯದೆ ದೊಡ್ಡ ಉಪಕಾರ ಮಾಡಿದೆನೆಂದೇ ಆಗ ನನ್ನ ಎಣಿಕೆ.

ಹತ್ತು ನಿಮಿಷದಲ್ಲಿ ಚಪ್ಪಾಳೆಯ ಚಿತ್ರಗಳು ಸಾಲು ಹಿಡಿದವು. ಗಂಜಿನಲ್ಲಿ ನನಗಿಂತ ಹಿರಿಯರಾದ ಒಬ್ಬರು ಬರೆದರು: "ಇದು ಯಾರೋ ಎಲ್ಲಿಂದೋ ಕಳಸಿದ್ದಲ್ಲ. ಸಾವ್ಕಾರ್ರು ಕಣ್ಣಾರೆ ಕಂಡು ಬರದಾರ. ಮೂರು ತಲಿಯಿಂದ ಅಂಗಡಿ ನಡಸಿದ ಮನಿತನ, ಸುಳ್ಳ ಬರಿಯಂಗಿಲ್ಲ." ಅದನ್ನು ಓದಿ ನನಗೆ ಎದೆ ಉಬ್ಬಿತು. ನಾನು ಕಣ್ಣಾರೆ ಕಂಡದ್ದು ಆಕೆ ಬಾರದೆ ಖಾಲಿ ಉಳಿದ ಜಾಗವನ್ನು ಮಾತ್ರ. ಯಾಕೆ ಬರುತ್ತಿಲ್ಲ ಎಂದು ಯಾರನ್ನೂ ಕೇಳಿರಲಿಲ್ಲ.

ಎರಡು ಮೂರು ವಾರ ಕಳೆದಿರಬೇಕು. ಬ್ರಹ್ಮಪುರ ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಸಂಜೆ ಹೆಂಡತಿ ಮೊಬೈಲು ಹಿಡಿದುಕೊಂಡು ಪಡಸಾಲೆಗೆ ಬಂದಳು. ಬೀದರದಲ್ಲಿರುವ ಅವಳ ಚಿಕ್ಕಮ್ಮನ ಸೊಸೆ ಏನೋ ಕಳಿಸಿದ್ದಳು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಕಮಲಾಪುರದ ಈ ಮಹಿಳೆಗೆ ಎರಡಂತಸ್ತಿನ ಮನೆ ಇದೆ, ಮೂರು ರೇಷನ್ ಕಾರ್ಡು ಮಾಡಿಸಿಕೊಂಡಿದ್ದಾಳೆ, ಅಕ್ಕಿಯನ್ನೆಲ್ಲ ಮಾರಿ ಬಂಗಾರ ಮಾಡಿಸಿದ್ದಾಳೆ, ನಮ್ಮ ತೆರಿಗೆಯ ದುಡ್ಡು ಎಲ್ಲಿ ಹೋಗುತ್ತಿದೆ ನೋಡಿರಿ, ಹತ್ತು ಜನರಿಗೆ ಕಳಿಸಿರಿ ಎಂದಿತ್ತು. ಕೆಳಗೆ ಅದೇ ಫೋಟೊ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅದರ ಮೂಲ ನನ್ನದೇ ಬೆರಳು ಎಂದು ಗೊತ್ತಿದ್ದೂ, ಎರಡಂತಸ್ತಿನ ಮನೆ ಎಂದು ಓದಿದಾಗ ನಾನು ಅದನ್ನು ನಂಬಿದೆ. ಅಬ್ಬಾ, ನಮಗೆ ಗೊತ್ತೇ ಇರಲಿಲ್ಲವಲ್ಲ, ಇಷ್ಟು ವರ್ಷ ನಮ್ಮೆದುರು ಬಡವಿಯಾಗಿ ಕುಳಿತಿದ್ದಳಲ್ಲ ಎಂದು ಒಂದು ಕ್ಷಣ ಮೈ ಉರಿಯಿತು. ಮೂರು ಕಾರ್ಡನ್ನು ಯಾರೋ ಲೆಕ್ಕ ಮಾಡಿಯೇ ಬರೆದಿರಬೇಕು ಅನ್ನಿಸಿತು.

ಹೆಂಡತಿ ಮಾತ್ರ ಫೋಟೊವನ್ನೇ ನೋಡುತ್ತಿದ್ದಳು. ಬೆರಳಿನಿಂದ ಅದನ್ನು ದೊಡ್ಡದು ಮಾಡಿದಳು.

"ಇದು ನಾ ಕೊಟ್ಟ ಸೀರಿ ಅಲ್ಲೇನ್ರಿ? ನಮ್ಮ ಅಣ್ಣನ ಮಗಳ ಲಗ್ನದಾಗ ನಂಗ ಆಯೇರಿ ಬಂದಿದ್ದು. ಬಣ್ಣ ನಂಗ ಒಪ್ಪಂಗಿಲ್ಲಂತ ಆಕಿಗಿ ಕೊಟ್ಟಿದ್ದೆ."

ಅವಳ ಬೆರಳು ಫೋಟೊದಲ್ಲಿ ಕೊರಳಿನ ಕಡೆ ಸರಿಯಿತು.

"ಈ ಸರಾನೂ ಬಂಗಾರದ್ದಲ್ಲ. ಪೂಜಾದ ದಿನ ಬೋಳು ಕೊರಳಿಲೆ ಹ್ಯಾಂಗ ನಿಲ್ಲತಿ ಅಂತ ನಾನೇ ನನ್ನ ಬೆಂಟೆಕ್ಸ್ ಸರ ಹಾಕಿದ್ದೆ. ಸಂಜಿಗಿ ತಿರುಗಿ ಕೊಟ್ಟಳು. ಈ ಫೋಟೊ ಇವರಿಗಿ ಹ್ಯಾಂಗ ಸಿಕ್ಕಿತು?"

ನಾನು ಹೇಳಿದೆ. ಹೆಂಡತಿ ಬಯ್ಯಲಿಲ್ಲ. ಮೊಬೈಲನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ನನ್ನನ್ನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಹಮಾಲರ ಮೇಸ್ತ್ರಿಯನ್ನು ಕರೆದು ಕೇಳಿದೆ. ಶಹಾಬಜಾರದ ಸಾಬರು, ನನ್ನ ವಯಸ್ಸಿನವರೇ, ನಮ್ಮ ಅಂಗಡಿಯ ಚೀಲ ಹೊತ್ತು ಹೊತ್ತು ಒಂದು ಭುಜ ಇಳಿದಿತ್ತು.

"ಆಕಿ ಯಾಕ ಬಿಟ್ಟಳು, ನಿಮಗ ಗೊತ್ತದೇನ್ರಿ?"

"ಗೊತ್ತದ, ಸೇಠ್. ಆಕಿಗಿ ದಮ್ಮು ಹತ್ಯಾದ. ಎರಡ ವರ್ಷ ಆಯ್ತು. ಗೋದಾಮಿನಾಗ ಕೆಮ್ಮಿ ಕೆಮ್ಮಿ ಹೊರಗ ಹೋಗಿ ಕೂಡತಿದ್ಳು. ಬಸ್ ಸ್ಟ್ಯಾಂಡಿನಿಂದ ಇಲ್ಲಿ ತನಕ ನಡೀಲಾಕ ನಾಕು ಕಡಿ ನಿಲ್ಲತಿದ್ಳು ಬಿಚಾರಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. "ನೀವು ಕೇಳಲಿಲ್ಲ. ಆಕೀನೂ ಹೇಳಬ್ಯಾಡ ಅಂದಿದ್ಳು. ಹೇಳಿದ್ರ ಕೆಲಸದಿಂದ ತೆಗೀತಾರ ಅಂತ ಆಕಿಗಿ ಡರ್ ಇತ್ತು." ವಸ್ತ್ರವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಆ ಫೋಟೊ ಕಮಲಾಪುರಕ್ಕೂ ಹೋಗ್ಯಾದ, ಸೇಠ್" ಎಂದರು.

ಅವರಿಗೆ ಎಲ್ಲ ಗೊತ್ತಿತ್ತು. ನಾನೇ ಬರೆದದ್ದೆಂದೂ ಗೊತ್ತಿತ್ತು. ಅಷ್ಟು ದಿನ ನನಗೆ ಮೊದಲಿನಂತೆಯೇ ಸಲಾಮು ಮಾಡುತ್ತಿದ್ದರು.

ಆ ದಿನವೇ ನಾನು ಕಮಲಾಪುರಕ್ಕೆ ಹೋದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಕೆಯ ಮನೆ ನೋಡಿರಲಿಲ್ಲ. ಬಸ್ಸು ಇಳಿದು ಒಂದು ಚಹಾದ ಅಂಗಡಿಯಲ್ಲಿ ವಿಚಾರಿಸಿದೆ. ಗಂಜಿಗೆ ಬೇಳೆ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸು ಅಂದ ಕೂಡಲೇ ಚಹಾದವನು ನಕ್ಕ.

"ಎರಡಂತಸ್ತಿನ ಮನಿ ಆಕಿನ್ರಿ? ಮೊಬೈಲ್‌ನ್ಯಾಗ ಬಂದಾಳಲ್ಲ, ಆಕಿ?"

"ಎಲ್ಲದ ಆ ಮನಿ?"

"ಇಲ್ಲೇನಿಲ್ರಿ. ಇಲ್ಲಿ ಒಂದ ಖೋಲಿ ಅದ, ಆ ಬೇವಿನ ಗಿಡದ ಹಿಂದ. ಮ್ಯಾಲ ತಗಡಿನ ಪತ್ರಾಸ."

"ಹಂಗಾದ್ರ ಅದು ಸುಳ್ಳಾತಲ್ಲ?"

ಅವನು ಚಹಾ ಸೋಸುತ್ತ ವಿಚಾರ ಮಾಡಿದ. "ಏನೋರಿ. ಮತ್ತೆಲ್ಲರ ಇರಬಹುದು ಆ ಮನಿ. ಸುಮ್ಮ ಯಾರ ಬರೀತಾರ?"

ದಿನಾ ಬೆಳಗಾದರೆ ಆಕೆಯ ಖೋಲಿಯನ್ನು ನೋಡುವವನು ಅವನು. ಅಂಗಡಿಯಿಂದ ಅದು ಕಾಣುತ್ತಿತ್ತು.

ಆಕೆ ಗೋಡೆಗೆ ಒರಗಿ ಕುಳಿತಿದ್ದಳು. ಮಲಗಿದರೆ ಉಸಿರು ಸಿಗುವುದಿಲ್ಲವಂತೆ, ಹಗಲು ರಾತ್ರಿ ಹಾಗೆಯೇ ಕುಳಿತಿರುತ್ತಾಳೆ ಎಂದು ಮಗಳು ಹೇಳಿದಳು. ಅದೇ ಊರಿನಲ್ಲಿರುವ ಗಂಡನ ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು ಮಗಳು. ನನ್ನನ್ನು ನೋಡಿ ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಏಳಲು ಹೋದಳು.

"ಬರ್ರಿ, ಸಾವ್ಕಾರ್ರೆ. ತಂಗಿ, ಚಾದರ ಹಾಸು. ಮನ್ಯಾಗ ಅಮ್ಮಾರು ಆರಾಮ ಅದಾರ?"

ಚಾದರದ ಮೇಲೆ ಕುಳಿತೆ. ಒಂದು ವಾಕ್ಯಕ್ಕೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತ ಆಕೆ ಕೆಲಸಕ್ಕೆ ಬಾರದ್ದಕ್ಕೆ ನನ್ನ ಕ್ಷಮೆ ಕೇಳಿದಳು. ಸುಗ್ಗಿಯಲ್ಲಿ ಕೈಕೊಟ್ಟೆ, ಸಿಟ್ಟಾಗಬೇಡಿ ಎಂದಳು. ತಿಂಗಳಾ ಬರುವ ಸರಕಾರದ ದುಡ್ಡು ಬಾಯಿಗೆ ಹೊಡೆದುಕೊಳ್ಳುವ ಪಂಪಿಗೆ ಮತ್ತು ಗುಳಿಗೆಗೆ ಹೋಗುತ್ತದೆ ಎಂದು ಮಗಳು ಹೇಳಿದಳು. ಪಂಪು ತಲೆದಿಂಬಿನ ಪಕ್ಕದಲ್ಲೇ ಇತ್ತು.

"ಅಕ್ಕಿ?" ಎಂದು ಕೇಳಿದೆ.

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಮಗಳೇ ಹೇಳಿದಳು. "ಅವ್ವ ರೇಷನ್ ಪಾಳಿಗಿ ಹೋಗಂಗಿಲ್ರಿ ಈಗ. ಹೋದ ತಿಂಗಳ ಕೈ ಹಿಡದು ಕರಕೊಂಡು ಹೋಗಿದ್ದೆ, ಹೆಬ್ಬಟ್ಟು ಆಕೀನೇ ಒತ್ತಬೇಕಲ್ಲ. ಪಾಳ್ಯಾಗ ನಿಂತವರು, ಬಂಗಲಿ ಸಾವ್ಕಾರ್ತಿ ಬಂದ್ಳು, ದಾರಿ ಬಿಡ್ರಿ ಅಂದ್ರು. ಎಲ್ಲಾರೂ ನಕ್ಕರು. ಅವ್ವ ಚೀಲ ಮಡಚಿಕೊಂಡು ಹೊಳ್ಳಿ ಬಂದ್ಳು. ಈ ತಿಂಗಳ ನಾ ಎಷ್ಟ ಕರದ್ರೂ ಎದ್ದಿಲ್ಲ."

ಯಾರೂ ಕಾರ್ಡು ಕಸಿದುಕೊಂಡಿರಲಿಲ್ಲ. ರೇಷನ್ ಅಂಗಡಿಯಲ್ಲಿ ಆಕೆಯ ಪಾಲಿನ ಅಕ್ಕಿ ಇತ್ತು. ಆಕೆ ತರಲು ಹೋಗುತ್ತಿರಲಿಲ್ಲ, ಅಷ್ಟೇ. ಮೊದಲು ಅರ್ಧ ಅಕ್ಕಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಜೋಳ ತೆಗೆದುಕೊಳ್ಳುತ್ತಿದ್ದಳಂತೆ, ಹುಟ್ಟಿದಾಗಿನಿಂದ ರೊಟ್ಟಿ ತಿಂದ ಹೊಟ್ಟೆ. ಅಕ್ಕಿ ಮಾರುತ್ತಾಳೆ ಎಂಬ ಮಾತು ಬಂದ ಮೇಲೆ ಪಕ್ಕದವರೂ ಅಂಜಿ ಬೇಡವೆಂದರು. ಈಗ ಮಗಳು ತನ್ನ ಅತ್ತೆಯ ಕಣ್ಣು ತಪ್ಪಿಸಿ ತರುವ ಎರಡು ರೊಟ್ಟಿ, ಅದರಲ್ಲಿ ಒಂದು ಮಧ್ಯಾಹ್ನಕ್ಕೆ, ಒಂದು ರಾತ್ರಿಗೆ.

ಆಕೆ ನನ್ನ ಕಡೆ ಬಾಗಿದಳು. "ಸಾವ್ಕಾರ್ರೆ, ಅದು ನಿಮ್ಮ ಅಂಗಡ್ಯಾಗ ತೆಗದ ಫೋಟೊ ಅದರಿ. ಯಾರ ಕೈಗಿ ಹೋತೋ, ಯಾರ ಹಂಗ ಬರದಾರೋ. ನೀವು ದೊಡ್ಡೋರು. ಯಾರಂತ ಒಂದಿಷ್ಟ ಕೇಳಿ ನೋಡ್ರಿ."

ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು.

"ಕೇಳತೀನಿ" ಎಂದೆ.

ಎರಡು ದಿನ ಬಿಟ್ಟು ಗಾಡಿ ಮಾಡಿಕೊಂಡು ಹೋಗಿ ತಾಯಿ ಮಗಳಿಬ್ಬರನ್ನೂ ಕಲಬುರಗಿಗೆ ಕರೆತಂದೆ. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಏನ್ ಕೆಲಸ ಮಾಡತಿದ್ದಿ, ಅವ್ವಾ?"

"ಬ್ಯಾಳಿ ಹಸನ ಮಾಡತಿದ್ದೆ ರಿ. ಗಂಜಿನ್ಯಾಗ."

"ಎಷ್ಟ ವರ್ಷ?"

ಆಕೆ ನನ್ನ ಮುಖ ನೋಡಿದಳು, ಲೆಕ್ಕ ನನಗೆ ಗೊತ್ತಿರುತ್ತದೆ ಎಂಬಂತೆ. ನನಗೂ ಗೊತ್ತಿರಲಿಲ್ಲ. "ಈಕಿ ಹುಟ್ಟಿ ಕೂಸಿದ್ಳರಿ ಆಗ" ಎಂದು ಮಗಳನ್ನು ತೋರಿಸಿದಳು.

"ಬಾಯಿಗಿ ಮೂಗಿಗಿ ಏನರ ಕಟ್ಟಿಕೊಳ್ತಿದ್ದಿ?"

"ಸೆರಗು ಕಟ್ಟಿಕೊಳ್ತಿದ್ದೆ ರಿ. ಸೆಕಿಗಿ ಬಿಚ್ಚತಿದ್ದೆ."

"ಅಲ್ಲಿ ಕಿಡಕಿ, ಫ್ಯಾನ್ ಏನರ ಅದಾವ?"

ಗೋದಾಮಿಗೆ ಒಂದೇ ಬಾಗಿಲು. ಬೇಳೆಗೆ ಹುಳ ಬೀಳಬಾರದೆಂದು ಕಿಟಕಿಗಳನ್ನು ಅಪ್ಪನ ಕಾಲದಲ್ಲೇ ಮುಚ್ಚಿಸಿದ್ದೆವು. ಫ್ಯಾನು ಹಾಕಿದರೆ ಧೂಳು ಹಾರುತ್ತದೆಂದು ಹಾಕಿಸಿರಲಿಲ್ಲ. ಆಕೆ ಇದೊಂದನ್ನೂ ಹೇಳಲಿಲ್ಲ. "ಗಾಳಿ ಬರತದರಿ" ಎಂದಳು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೀವು ಇವರಿಗಿ ಏನಾಗಬೇಕ್ರಿ?"

"ಅವರ ಊರಿನವ" ಎಂದೆ.

ಮತ್ತೊಂದು ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತು! ಆಕೆ ನನ್ನನ್ನು ನೋಡಿದಳು, ತಲೆ ತಗ್ಗಿಸಿದಳು. ಡಾಕ್ಟರಮ್ಮ ನನ್ನೊಬ್ಬನನ್ನೇ ಬಾಗಿಲ ಹತ್ತಿರ ಕರೆದು, ಎರಡೂ ಪುಪ್ಪುಸ ಕೆಟ್ಟಿವೆ, ಹಿಂದಕ್ಕೆ ಬರುವಂಥದ್ದಲ್ಲ, ಧೂಳಿನಿಂದ ದೂರ ಇಡಿ, ಹೊಟ್ಟೆ ತುಂಬ ಊಟ ಕೊಡಿ ಎಂದರು.

ಹೊರಗೆ ಉದ್ದನೆಯ ವರಾಂಡದಲ್ಲಿ ಬೆಂಚಿನ ಮೇಲೆ ಆಕೆಯನ್ನು ಕೂಡಿಸಿದೆವು. ಮಗಳು ಔಷಧಿ ತರಲು ಹೋದಳು. ನಾನು ಪಕ್ಕದಲ್ಲಿ ಕುಳಿತೆ. ಹೇಳಲೇಬೇಕು ಅನ್ನಿಸಿತು, ಇಲ್ಲದಿದ್ದರೆ ಮುಂದೆಂದೂ ಹೇಳುವುದಿಲ್ಲ ಎಂದು ನನ್ನ ಬಗ್ಗೆ ನನಗೆ ಗೊತ್ತಾಗಿತ್ತು.

"ಆ ಫೋಟೊ ಹಾಕಿದವ ನಾನೇ, ಅವ್ವಾ. ಮೊದಲ ಬರದವನೂ ನಾನೇ. ಬಂಗಲಿ, ಕಾರ್ಡು ನಾ ಬರದಿಲ್ಲ. ಆದ್ರ ಕೆಲಸ ಬಿಟ್ಟು ಕುಂತು ತಿಂತಾಳಂತ ಬರದವ ನಾ."

ಆಕೆ ತಿರುಗಿ ನೋಡಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಉಸಿರಿನ ಸಿಳ್ಳು ಕೇಳಿಸುತ್ತಿತ್ತು. "ನೀವ್?" ಎಂದಳು.

ನಾನು ತಲೆಯಾಡಿಸಿದೆ.

"ಒಂದ ಸಲ ಬಂದು ಕೇಳಬೇಕಿತ್ತಲ್ರಿ, ಸಾವ್ಕಾರ್ರೆ. ಕಮಲಾಪುರ ಏನ್ ದೂರ ಅದ? ನಾ ದಿನಾ ಬರತಿದ್ದೆ."

ಮಗಳು ಔಷಧಿಯ ಚೀಲ ಹಿಡಿದು ಬಂದಳು. ಗಾಡಿಯಲ್ಲಿ ತಿರುಗಿ ಹೋಗುವಾಗ ಆಕೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

ಅದೇ ದಿನ ನಾನು ಗುಂಪಿಗೆ ಬರೆದೆ. ಮೊದಲಿನದಕ್ಕಿಂತ ಉದ್ದವಾಗಿ ಬರೆದೆ. ನಾನು ಕಳಿಸಿದ್ದು ಸುಳ್ಳು, ಆಕೆಗೆ ಶ್ವಾಸದ ರೋಗ, ಅದು ನನ್ನ ಗೋದಾಮಿನ ಧೂಳಿನಿಂದ ಬಂದದ್ದು, ಮೈಮೇಲಿನ ಸೀರೆ, ಸರ ನನ್ನ ಹೆಂಡತಿಯವು, ಮೊದಲಿನದನ್ನು ಯಾರು ಯಾರಿಗೆ ಕಳಿಸಿದ್ದೀರೋ ಅವರಿಗೆಲ್ಲ ಇದನ್ನೂ ಕಳಿಸಿರಿ ಎಂದು ಕೈಮುಗಿದೆ. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಅದರ ಕೆಳಗೆ ಯಾರೋ ತೊಗರಿಯ ಧಾರಣೆ ಹಾಕಿದರು. ನನ್ನ ಮಾತು ಮೇಲೆ ಸರಿದು ಹೋಯಿತು.

ನನ್ನ ಮನೆತನವನ್ನು ಹೊಗಳಿ ಬರೆದಿದ್ದ ಆ ಹಿರಿಯರು ಮಾತ್ರ ಫೋನು ಮಾಡಿದರು. "ಯಾಕ್ರಿ ಹಂಗೆಲ್ಲ ಬರೀತೀರಿ? ಗೋದಾಮಿನ ಧೂಳು ಗೀಳು ಅಂತ ಬರದ್ರ ನಾಳಿ ಎಲ್ಲಾರಿಗೂ ತಾಪತ್ರಯ. ಆಕಿ ಒಬ್ಬಾಕಿ ಬ್ಯಾನಿಲೆ ಬಿದ್ದಿರಬಹುದು, ಒಪ್ಪತೀನಿ. ಒಬ್ಬಾಕಿ ಸಲುವಾಗಿ ಎಲ್ಲಾರೂ ಹಂಗೇ ಅದಾರಂತ ಹೇಳಲಾಕ ಬರತದೇನು?"

ನಾನು ಆಕೆಯೊಬ್ಬಳನ್ನು ತೋರಿಸಿ ಎಲ್ಲ ಬಡವರೂ ಹೀಗೇ ಎಂದಾಗ ಈ ಪ್ರಶ್ನೆಯನ್ನು ಅವರು ಕೇಳಿರಲಿಲ್ಲ. ನಾನು ಅದನ್ನು ಅವರಿಗೆ ಹೇಳಿದೆ. "ನೀವು ಮನಸ್ಸಿಗಿ ಹಚ್ಚಿಕೊಂಡೀರಿ, ಆರಾಮ ತಗೊಳ್ರಿ" ಎಂದು ಫೋನು ಇಟ್ಟರು.

ಆಮೇಲೆ ತಿಂಗಳಿಗೆ ಎರಡು ಸಲ ನಾನೋ ಹೆಂಡತಿಯೋ ಕಮಲಾಪುರಕ್ಕೆ ಹೋಗುತ್ತಿದ್ದೆವು. ಜೋಳ, ಬೇಳೆ, ಔಷಧಿ ಒಯ್ಯುತ್ತಿದ್ದೆವು. ಹೆಂಡತಿ ಹೋದರೆ ಆಕೆ ಮಾತಾಡುತ್ತಿದ್ದಳು. ನಾನು ಹೋದರೆ "ಬರ್ರಿ" ಅನ್ನುವಳು, ಕೂಡಲು ಹೇಳುವಳು, ಅಷ್ಟೇ. ರೇಷನ್ ಪಾಳಿಗೆ ನಾನೇ ಜೊತೆಗೆ ನಿಲ್ಲುತ್ತೇನೆ ಬಾ ಎಂದು ಒಮ್ಮೆ ಕರೆದೆ. "ಬ್ಯಾಡ್ರಿ. ಈಗ ನಿಮ್ಮ ಕೂಡ ನೋಡಿದ್ರ ಮತ್ತೊಂದ ಬರೀತಾರ" ಎಂದಳು. ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

ಮಳೆಗಾಲ ಹಿಡಿದ ಮೇಲೆ ಆಕೆಗೆ ಉಸಿರು ಇನ್ನೂ ಭಾರವಾಯಿತು. ಒಂದು ಬೆಳಿಗ್ಗೆ ಮಗಳು ರೊಟ್ಟಿ ತಂದಾಗ ಗೋಡೆಗೆ ಒರಗಿ ಕುಳಿತಂತೆಯೇ ಹೋಗಿದ್ದಳಂತೆ. ಮೇಸ್ತ್ರಿಯೇ ನನಗೆ ಸುದ್ದಿ ಹೇಳಿದರು. ಅಂದು ಚೀಲ ಇಳಿಸುವುದನ್ನು ಬಿಟ್ಟು ಅವರೂ ನನ್ನ ಜೊತೆ ಬಂದರು. ಅಂಗಳದಲ್ಲಿ ಜನ ಕಡಿಮೆ ಇದ್ದರು. ಚಹಾದವನು ಬಂದಿದ್ದ, ನೀರಿನ ಕೊಡ ತುಂಬಿ ತರುತ್ತಿದ್ದ, ಹೆಗಲು ಕೊಡಲು ಅವನೇ ಮುಂದೆ ನಿಂತ. ಅವನನ್ನು ಕೆಟ್ಟವನೆನ್ನಲು ನನ್ನಿಂದಾಗದು.

ಮಣ್ಣು ಕೊಟ್ಟು ಬಂದ ಮೇಲೆ ಮಗಳು ನನ್ನ ಹತ್ತಿರ ಬಂದಳು. ಏನಾದರೂ ಸಹಾಯ ಕೇಳುತ್ತಾಳೆ ಎಂದುಕೊಂಡೆ.

"ಸಾವ್ಕಾರ್ರೆ, ಅವ್ವನ ಫೋಟೊ ಮೊಬೈಲ್‌ನ್ಯಾಗಿಂದ ತೆಗಸ್ರಿ. ನಮ್ಮ ಕಡಿ ಆಕಿದು ಬ್ಯಾರೆ ಫೋಟೊ ಇಲ್ಲ. ಅದನ್ನೇ ಫ್ರೇಮ್ ಹಾಕಸಬೇಕಂದ್ರ ನೋಡಿದವರು ನಗತಾರ."

ತೆಗೆಯಲು ಬರುವುದಿಲ್ಲ ಎಂದು ಅವಳಿಗೆ ಹೇಗೆ ತಿಳಿಸುವುದು? ನನ್ನದನ್ನು ಅಳಿಸಿದ್ದೇನೆ, ಉಳಿದವರದು ನನ್ನ ಕೈಯಲ್ಲಿಲ್ಲ ಎಂದೆ. ಅವಳು "ಹೌದ್ರಿ?" ಎಂದು ಕೇಳಿ, ನನ್ನ ಮುಖ ನೋಡಿ, ಹೆಂಗಸರ ಗುಂಪಿಗೆ ಹೋಗಿ ಕುಳಿತಳು. ಹೆಂಡತಿ ಪೂಜೆಯ ದಿನದ ಪೂರ್ತಿ ಫೋಟೊವನ್ನು ಹುಡುಕಿ, ಎಲ್ಲ ಹೆಂಗಸರೂ ಸಾಲಾಗಿ ನಿಂತದ್ದನ್ನು, ದೊಡ್ಡದಾಗಿ ಮಾಡಿಸಿ ಕಳಿಸಿದಳು. ಅದನ್ನು ಗೋಡೆಗೆ ಹಾಕಿದರೋ ಇಲ್ಲವೋ ನೋಡಲು ನಾನು ಹೋಗಿಲ್ಲ.

ಗೋದಾಮಿನ ಮುಚ್ಚಿದ ಕಿಟಕಿಗಳನ್ನು ಒಡೆಸಿ ಜಾಲರಿ ಹಾಕಿಸಿದ್ದೇನೆ. ಧೂಳು ಹೊರಗೆ ಎಳೆಯುವ ಎರಡು ಫ್ಯಾನು ಹಾಕಿಸಿದ್ದೇನೆ, ಹೆಂಗಸರಿಗೆ ಬಾಯಿಗೆ ಕಟ್ಟಿಕೊಳ್ಳಲು ಮಾಸ್ಕು ಕೊಡುತ್ತೇನೆ; ಸೆಕೆಯಾಗುತ್ತದೆಂದು ಅವರೂ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಯಾರಾದರೂ ಎರಡು ದಿನ ಬಾರದಿದ್ದರೆ ಅವರ ಮನೆಗೆ ಹೋಗಿ ಬರುತ್ತೇನೆ. ಕೆಲವರಿಗೆ ಇದು ಹಿಡಿಸುವುದಿಲ್ಲ, ಸಾವ್ಕಾರರು ಕಾವಲು ಬರುತ್ತಾರೆ ಅಂದುಕೊಳ್ಳುತ್ತಾರೆ. ಗಂಜಿನಲ್ಲಿ ಆ ಮಾತು ಇನ್ನೂ ನಡೆದೇ ಇದೆ, ಪುಕ್ಕಟೆ ಅಕ್ಕಿ ಮಂದಿಯನ್ನು ಕೆಡಿಸಿತು ಎಂದು. ಕೆಲವು ಸಲ ನಾನು ತಡೆದು, ಯಾರು, ಎಲ್ಲಿ, ನೀವು ಹೋಗಿ ನೋಡಿದಿರಾ ಎಂದು ಕೇಳುತ್ತೇನೆ. ಕೆಲವು ಸಲ ಎದುರಿಗೆ ಕುಳಿತವನು ದೊಡ್ಡ ಗಿರಾಕಿಯಾಗಿರುತ್ತಾನೆ. ಆಗ ಚಹಾ ಕುಡಿದು ಸುಮ್ಮನಿರುತ್ತೇನೆ.